ಟವಲಿನ ಕೆಳಗಿನ ಬಿ.ಎಸ್‌ಸಿ.

ನಮ್ಮ ಅತ್ತೆಯ ಮಗನ ಬಿ.ಎಸ್‌ಸಿ. ವ್ಯಾಪಾರ ಕುದುರಿದ್ದು ಶಿಡ್ಲಘಟ್ಟದ ನಮ್ಮ ಮನೆಯ ಜಗಲಿಯ ಮೇಲೆ, ಒಂದು ಟವಲಿನ ಕೆಳಗೆ. ಓದಿಗೆ ವ್ಯಾಪಾರ ಅನ್ನುತ್ತಾಳಲ್ಲ ಎಂದು ಯಾರೂ ಬೇಜಾರು ಮಾಡಿಕೊಳ್ಳಬಾರದು. ಆ ವ್ಯಾಪಾರದಲ್ಲಿ ನಾನೂ ಒಂದು ಸರಕಾಗಿದ್ದೆ. ಹಾಗೆ ಕರೆಯುವ ಹಕ್ಕು ನನಗಿದೆ.

ಅಪ್ಪ ರೇಷ್ಮೆ ನೂಲು ತೆಗೆಸುವವರು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ನಮ್ಮ ಚರಕಗಳಿದ್ದವು. ಸುತ್ತಲಿನ ಹಳ್ಳಿಗಳಿಂದ ಗೂಡು ಕೊಂಡು ತಂದು, ಕುದಿಯುವ ನೀರಿಗೆ ಹಾಕಿ, ಎಳೆ ಬಿಚ್ಚಿಸಿ, ನೂಲನ್ನು ಬೆಂಗಳೂರಿನವರಿಗೆ ಮಾರುತ್ತಿದ್ದರು. ಗೂಡಿನ ಬೆಲೆಯನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಹೆಗಲ ಮೇಲಿನ ಟವಲನ್ನು ಇಬ್ಬರ ಕೈಗಳ ಮೇಲೂ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತುತ್ತಿದ್ದರು. ಎಷ್ಟು ಬೆರಳು ಒತ್ತಿದರೋ ಅಷ್ಟು ಬೆಲೆ. ಅದು ಹತ್ತೋ, ನೂರೋ, ಬರೀ ಒಂದೋ ಎನ್ನುವುದು ಕಸುಬಿನವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಒಪ್ಪಿಗೆಯಾದರೆ ಅಂಗೈ ಮೇಲೆ ಒಂದು ತಟ್ಟು. ಸುತ್ತ ನಿಂತವರಿಗೆ ಅಲುಗಾಡುವ ಬಟ್ಟೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಈ ಅಭ್ಯಾಸ ಅಪ್ಪನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಬಾಗಿಲಿಗೆ ಸೊಪ್ಪಿನವಳು ಬಂದು ಬುಟ್ಟಿ ಇಳಿಸಿದಾಗಲೂ ಅವರ ಕೈ ಹೆಗಲ ಟವಲಿನ ಕಡೆಗೆ ಹೋಗುತ್ತಿತ್ತು. “ಅಯ್ಯೋ, ಹೆಂಗಸು ಕಣ್ರೀ ಅವಳು!” ಎಂದು ಅಮ್ಮ ಒಳಗಿನಿಂದಲೇ ಕೂಗಬೇಕಾಗುತ್ತಿತ್ತು.

ನನಗೆ ಹದಿಮೂರೋ ಹದಿನಾಲ್ಕೋ ವರ್ಷ. ಐವತ್ತರ ದಶಕದ ಕೊನೆಯ ಭಾಗ, ಮಾವಿನಕಾಯಿಯ ಕಾಲ. ಚಿಂತಾಮಣಿಯಿಂದ ಮಾವ ಬಂದರು. ಅಪ್ಪನ ಅಕ್ಕನ ಗಂಡ. ಚಿಂತಾಮಣಿಯ ಹತ್ತಿರದ ಹಳ್ಳಿಯಲ್ಲಿ ಅವರಿಗೆ ಹೊಲವಿತ್ತು, ಬಾವಿಯಿತ್ತು, ಕಡಲೆಕಾಯಿ ಚೆನ್ನಾಗಿಯೇ ಬೆಳೆಯುತ್ತಿತ್ತು. ಕೈಯಲ್ಲಿ ನಗದು ಮಾತ್ರ ನಿಲ್ಲುತ್ತಿರಲಿಲ್ಲ. ಅವರ ದೊಡ್ಡ ಮಗ ಪಿ.ಯು.ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದ. ಬೆಂಗಳೂರಿನಲ್ಲಿ ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್‌ಸಿ. ಓದುತ್ತೇನೆ ಎಂದು ಹಟ ಹಿಡಿದಿದ್ದ. ಹಾಸ್ಟೆಲ್ಲು, ಫೀಜು, ಪುಸ್ತಕ ಎಂದು ಮಾವ ಒಂದೊಂದಾಗಿ ಹೇಳುತ್ತಾ ಹೋದರು, ಕೊನೆಗೆ ತಲೆ ತಗ್ಗಿಸಿಕೊಂಡು ಕೂತರು. ಭಾವ-ಬಾಮೈದರ ನಡುವೆ ದುಡ್ಡಿನ ಮಾತು ಬಾಯಿಂದ ಹೊರಡುವುದು ಸುಲಭವಲ್ಲ. ಮೇಲಾಗಿ ಒಳಗೆ ಅಜ್ಜಿ ಕೂತಿದ್ದಳು. ಅಜ್ಜಿಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರು ಸುತ್ತಿ ಬರುತ್ತಿತ್ತು.

ಅಪ್ಪ ಟವಲು ತೆಗೆದರು. ಇಬ್ಬರ ಕೈಗಳೂ ಅದರ ಕೆಳಗೆ ಸೇರಿದವು. ನಾನು ಬಾಗಿಲ ಹತ್ತಿರ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದೆ. ಮೊದಲು ಅಪ್ಪನ ಕೈ ಆಡಿತು, ಆಮೇಲೆ ಮಾವನದು. ಮಾವ ಏನನ್ನೋ ಒತ್ತಿ ಹಿಡಿದುಕೊಂಡೇ ಇದ್ದರು. ಅಪ್ಪನ ಮುಖ ಅರಳಿತು. ಅಂಗೈ ತಟ್ಟಿದ ಸದ್ದು ಕೇಳಿಸಿತು.

ಮಾವ ಹೋದ ಮೇಲೆ ಅಮ್ಮ ಏನಾಯಿತೆಂದು ಕೇಳಿದಳು. “ಮೂರು ವರ್ಷ” ಎಂದರು ಅಪ್ಪ. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನನಗೂ ಅರ್ಥವಾಯಿತು. ಹುಡುಗನನ್ನು ಓದಿಸಿ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಅತ್ತೆಯ ಮಗ, ಸೋದರಮಾವನ ಮಗಳು, ಮೂರು ವರ್ಷದ ಓದು, ಆಮೇಲೆ ಚಪ್ಪರ. ಮುಂದೆ ಪಾತ್ರೆ ಮಾರುವವನು ಬೀದಿಗೆ ಬಂದಾಗಲೆಲ್ಲ ಅಮ್ಮ ಒಂದು ಕೊಳದಪ್ಪಲೆಯನ್ನೋ ತಟ್ಟೆಯನ್ನೋ ಕೊಂಡು ಅಟ್ಟಕ್ಕೆ ಏರಿಸತೊಡಗಿದಳು. ಅದೆಲ್ಲ ನನ್ನ ಸಂಸಾರಕ್ಕಂತೆ.

ಆಗ ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಬೆಂಗಳೂರಿಗೆ ಹೋಗುವ ಚಿಕ್ಕ ಹಳಿಯ ರೈಲಿತ್ತು. ಅವಸರವೆಂಬುದು ಅದರ ಜಾತಕದಲ್ಲೇ ಇರಲಿಲ್ಲ. ಏರು ಬಂದಲ್ಲಿ ಹುಡುಗರು ಕೆಳಗಿಳಿದು, ಹೊಲದಲ್ಲಿ ಕಡಲೆಗಿಡ ಕಿತ್ತುಕೊಂಡು, ಮತ್ತೆ ಓಡಿ ಹತ್ತುತ್ತಿದ್ದರು. ರಜಕ್ಕೆ ಊರಿಗೆ ಹೋಗುವಾಗಲೂ ಕಾಲೇಜಿಗೆ ಮರಳುವಾಗಲೂ ಭಾವ ನಮ್ಮೂರಲ್ಲಿ ಇಳಿದು, ಒಂದು ದಿನವಿದ್ದು ಹೋಗುತ್ತಿದ್ದ. ಅತ್ತೆಯ ಮಗನನ್ನು ನಾನು ಭಾವ ಎಂದೇ ಕರೆಯುತ್ತಿದ್ದದ್ದು. ಅವನ ಅಂಗಿಯಲ್ಲಿ ಆಸಿಡ್ಡು ಬಿದ್ದು ಸುಟ್ಟ ತೂತುಗಳಿರುತ್ತಿದ್ದವು. ಪ್ರಯೋಗಾಲಯದ ಕೊಳೆತ ಮೊಟ್ಟೆಯ ವಾಸನೆಯಿಂದ ಹಾಸ್ಟೆಲಿನಲ್ಲಿ ಅವನ ಪಕ್ಕ ಯಾರೂ ಊಟಕ್ಕೆ ಕೂರುತ್ತಿರಲಿಲ್ಲವಂತೆ. ನಮ್ಮೂರಲ್ಲಿ ಆ ತೊಂದರೆ ಇರಲಿಲ್ಲ. ಬೆಂದ ರೇಷ್ಮೆಹುಳುವಿನ ವಾಸನೆಯಲ್ಲೇ ಹುಟ್ಟಿ ಬೆಳೆದ ನಮಗೆ ಅವನ ವಾಸನೆ ಲೆಕ್ಕಕ್ಕೇ ಬರಲಿಲ್ಲ.

ಅವನು ಓದುತ್ತಿದ್ದದ್ದು ರಸಾಯನಶಾಸ್ತ್ರ ಎಂದು ತಿಳಿದ ದಿನ ಅಜ್ಜಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಅವಳ ತವರು ಆಂಧ್ರದ ಗಡಿಯ ಕಡೆ. ಮಾತಿನಲ್ಲಿ ಅರ್ಧ ತೆಲುಗು.

“ಏಮಿರಾ ನಾಯನಾ, ರಸಾಯನ ಅಂಟೆ ಬಾಳೆಹಣ್ಣು, ಬೆಲ್ಲ, ಕಾಯಿತುರಿ. ಅದು ಕಲಿಯಕ್ಕೆ ಮೂರು ವರ್ಷ ಬೇಕೇನೋ?”

“ಅದಲ್ಲಜ್ಜಿ, ಇದು ಬೇರೆ ರಸಾಯನ.”

“ಬೇರೆ ಅಂದ್ರೆ? ಮಾವಿನಹಣ್ಣಿಂದಾ?”

ಭಾವ ಸೋತು ನಕ್ಕ. ಮುಂದಿನ ರಾಮನವಮಿಗೆ ಅಜ್ಜಿ ಬಾಳೆಹಣ್ಣಿನ ಗೊನೆಯನ್ನು ಅವನ ಮುಂದೆಯೇ ಇಟ್ಟಳು. ಅವನೂ ಪಂಚೆ ಎತ್ತಿ ಕಟ್ಟಿಕೊಂಡು ಹಣ್ಣು ಹೆಚ್ಚಿ ಬೆಲ್ಲ ಕಲಸಿದ. ಅಜ್ಜಿ ಒಂದು ಚಮಚ ಬಾಯಿಗೆ ಹಾಕಿಕೊಂಡು, “ಅಷ್ಟು ದುಡ್ಡು ಸುರಿದು ಓದುಸ್ತಾ ಇದಾರೆ, ಏಲಕ್ಕಿ ಹಾಕೋದು ಹೇಳ್ಕೊಟ್ಟಿಲ್ವೇನೋ ನಿನ್ನ ಮೇಷ್ಟ್ರು?” ಎಂದಳು. ಬೀದಿಯವರೆಲ್ಲ ಅವಳ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು.

ನಾನು ಕೆಮಿಸ್ಟ್ರಿಗೆ ಮರುಳಾದದ್ದು ಇನ್ನೊಂದು ದಿನ. ಮನೆಯಲ್ಲಿ ಯಾವುದೋ ಆರತಿಗೆಂದು ಅಮ್ಮ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಗೆ ಮಾಡಿಟ್ಟಿದ್ದಳು. ಭಾವ ನನ್ನನ್ನು ಕರೆದು, ಅದರಲ್ಲಿ ಒಂದಿಷ್ಟನ್ನು ಲೋಟಕ್ಕೆ ಬಗ್ಗಿಸಿ, “ಈಗ ನೋಡು” ಎಂದು ನಿಂಬೆಹಣ್ಣು ಹಿಂಡಿದ. ಕೆಂಪು ಹೋಗಿ ಹಳದಿ ಬಂತು. ಚಿಟಿಕೆ ಸುಣ್ಣ ಹಾಕಿದ, ಮತ್ತೆ ಕೆಂಪಾಯಿತು. ಆರತಿಯ ನೀರನ್ನು ಕೆಡಿಸಿದರೆಂದು ಅಜ್ಜಿ ಇಬ್ಬರಿಗೂ ಬೈದಳು. ನನಗೆ ಬೈಗುಳ ಕೇಳಿಸಲೇ ಇಲ್ಲ. ಹುಟ್ಟಿದಾಗಿನಿಂದ ನೋಡಿದ ನೀರು ಅದು. ಅದು ಯಾಕೆ ಕೆಂಪಾಗುತ್ತದೆ ಎಂದು ಕೇಳಬಹುದೆಂಬುದೇ ನನಗೆ ಹೊಳೆದಿರಲಿಲ್ಲ. ಅವತ್ತು ಅವನು ಬಿಟ್ಟುಹೋದ ಹಳೆಯ ಪುಸ್ತಕವನ್ನು ಇಂಗ್ಲಿಷು ಅರ್ಥವಾಗದಿದ್ದರೂ ಓದಿದೆ. ಭಾವನ ಮೇಲೆ ನನಗೆ ಆಸೆಯಿತ್ತೇ ಎಂದು ಆಮೇಲೆ ಗೆಳತಿಯರು ಕೇಳಿದ್ದಾರೆ. ಇತ್ತು, ಸ್ವಲ್ಪ. ಅವನ ಪುಸ್ತಕಗಳ ಮೇಲೆ ಜಾಸ್ತಿ ಇತ್ತು.

ಅವನ ಮೂರನೆಯ ವರ್ಷಕ್ಕೆ ಸರಿಯಾಗಿ ನಾನು ಎಸ್.ಎಸ್.ಎಲ್.ಸಿ. ಪಾಸಾದೆ. ಗಣಿತ, ವಿಜ್ಞಾನ ಎರಡರಲ್ಲೂ ಒಳ್ಳೆಯ ಅಂಕ. ಅಪ್ಪ ಊಟಕ್ಕೆ ಕೂತಾಗ, ಸಾರು ಬಡಿಸುತ್ತಾ, ನಾನೂ ಕಾಲೇಜಿಗೆ ಹೋಗುತ್ತೇನೆ ಎಂದೆ.

“ಒಂದು ಮನೆಗೆ ಒಂದು ಬಿ.ಎಸ್‌ಸಿ. ಸಾಕು ಕಣಮ್ಮ” ಎಂದರು.

“ಅದು ನಮ್ಮ ಮನೆದಲ್ವಲ್ಲಪ್ಪ.”

“ನಾಳೆ ನಿನ್ನ ಮನೆದಾಗುತ್ತಲ್ಲ. ಅವನು ಓದಿದ್ರೆ ಸಂಬಳ ಬರುತ್ತೆ. ನೀನು ಓದಿದ್ರೆ ಯಾರಿಗೆ ಲಾಭ ಹೇಳು?”

ಅಪ್ಪ ಕೆಟ್ಟವರಲ್ಲ. ಸಂತೆಯಿಂದ ಬರುವಾಗ ನನಗೆಂದು ಬತ್ತಾಸು ತರುವುದನ್ನು ಒಂದು ದಿನವೂ ಮರೆತವರಲ್ಲ. ಆದರೆ ಯಾವುದನ್ನೇ ಆಗಲಿ ಹಾಕಿದ್ದೆಷ್ಟು, ಬರುವುದೆಷ್ಟು ಎಂದು ತೂಗಿ ನೋಡುವ ಬುದ್ಧಿ ಅವರಿಗೆ ಕಸುಬಿನಿಂದ ಬಂದಿತ್ತು. ಆ ತಕ್ಕಡಿಯ ಮೇಲೆ ಭಾವನ ಓದು ಕೂರುತ್ತಿತ್ತು. ನನ್ನದನ್ನು ಅವರು ತೂಗಲೂ ಇಲ್ಲ. ಅದಕ್ಕೆ ನನಗೆ ಹೊಟ್ಟೆ ಉರಿಯಿತು. ಅವತ್ತು ರಾತ್ರಿ ಅತ್ತದ್ದು ಕಾಲೇಜಿಗಾಗಿ ಅಷ್ಟೇ ಅಲ್ಲ. ನಾನು ಯಾವ ಲೆಕ್ಕಕ್ಕೂ ಬಾರದವಳು ಎನ್ನುವುದಕ್ಕಾಗಿ ಅತ್ತೆ.

ಭಾವ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ಬಿ.ಎಸ್‌ಸಿ. ಆದವನು ನೇರವಾಗಿ ಅಮಲ್ದಾರನಾಗುತ್ತಾನೆ ಎಂದು ನಮ್ಮ ಬೀದಿಯಲ್ಲಿ ನಂಬಿಕೆಯಿತ್ತು. ಅರ್ಜಿ ಹಾಕಿ ಹಾಕಿ, ಕೊನೆಗೆ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತು. ಸಂಬಳ ನೂರು ರೂಪಾಯಿಯ ಒಳಗೇ. ಅಪ್ಪ ಸಂಜೆ ಜಗಲಿಯ ಮೇಲೆ ಕೂತು ಲೆಕ್ಕ ಹಾಕತೊಡಗಿದರು. ಪಕ್ಕದ ಮನೆಯ ಸಾಹೇಬರೂ ನೂಲು ತೆಗೆಸುವವರೇ, ಅಪ್ಪನ ಬಾಲ್ಯದ ಸ್ನೇಹಿತರು. ಇಬ್ಬರೂ ಬೀಡಿ ಹಚ್ಚಿಕೊಂಡು ಕೂತರೆಂದರೆ ಅದೇ ಮಾತು.

“ಅಷ್ಟು ದುಡ್ಡಿಗೆ ಇನ್ನೆರಡು ಚರಕ ಹಾಕ್ಬೋದಾಗಿತ್ತು, ಸಾಬ್ರೇ.”

“ಚರಕ ಹಾಕ್ಬೋದು ಭಾಯ್. ಗೂಡು ಬರ್ದಿದ್ರೆ ಚರಕ ನಿಂತೋಗ್ತದೆ. ಮೇಷ್ಟ್ರ ಸಂಬಳ ಮಳೆ ಬಂದ್ರೂ ಬರ್ತದೆ, ಬಿಸ್ಲು ಬಂದ್ರೂ ಬರ್ತದೆ.”

“ಅದೂ ಸರೀನೇ. ಹುಡುಗಿ ಸುಖವಾಗಿರ್ತಾಳೆ” ಎನ್ನುತ್ತಿದ್ದರು ಅಪ್ಪ.

ಹುಡುಗಿ ಎಂದರೆ ನಾನು. ಗೋಡೆಯ ಈ ಬದಿಯಲ್ಲಿ ನಿಂತು ನನ್ನ ಸುಖದ ಲೆಕ್ಕ ಕೇಳಿಸಿಕೊಳ್ಳುತ್ತಿದ್ದೆ. ಅಮ್ಮ ಅಟ್ಟದ ಪಾತ್ರೆಗಳನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಳು. ಮದುವೆಯ ಮಾತಿಗೆ ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದರು.

ಬಂದರು. ಭಾವನಿಗೆ ಮೊದಲ ಸಂಬಳ ಬಂದ ಮೇಲಿನ ಭಾನುವಾರ ಮಾವ, ಭಾವ ಇಬ್ಬರೂ ಬಂದು ಜಗಲಿಯ ಮೇಲೆ ಕೂತರು. ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು. ಅಪ್ಪ ಸಾಹೇಬರನ್ನೂ ಕರೆಸಿ ಕೂರಿಸಿಕೊಂಡರು. ಒಳ್ಳೆಯ ಮಾತಿಗೆ ನಾಲ್ಕು ಜನ ಇರಲಿ ಎಂದು. ಮಾವ ತಟ್ಟೆಯೊಂದನ್ನು ಕೇಳಿ ತರಿಸಿಕೊಂಡು, ಅದರಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು, ಅದರ ಮೇಲೆ ಮಡಿಸಿದ ನೋಟುಗಳನ್ನಿಟ್ಟು ಅಪ್ಪನ ಕಡೆ ಸರಿಸಿದರು.

“ಇದು ಈ ತಿಂಗಳದು ಕಣಪ್ಪ. ಹಿಂಗೇ ತಿಂಗಳು ತಿಂಗಳೂ ಕೊಟ್ಟು ಮೂರು ವರ್ಷದಲ್ಲಿ ನಿನ್ನ ಸಾಲ ತೀರಿಸ್ತೀವಿ.”

ಅಪ್ಪ ತಟ್ಟೆಯನ್ನು ನೋಡಿದರು. “ಯಾವ ಸಾಲ ಭಾವ?” ಎಂದು ಮಾವನನ್ನು ಕೇಳಿದರು.

“ಇವನ ಓದಿಂದು. ಮೂರು ವರ್ಷದಲ್ಲಿ ತೀರಿಸ್ತೀನಿ ಅಂತ ಅವತ್ತೇ ಹೇಳಿರ್ಲಿಲ್ವ?”

“ಯಾವಾಗ ಹೇಳಿದ್ರಿ?”

“ಇದೇ ಜಗಲಿ ಮೇಲೆ ಕಣಯ್ಯ! ಮೂರು ಬೆರಳು ಒತ್ತಿ ಹಿಡ್ಕೊಂಡಿದ್ನಲ್ಲ!”

ಅಪ್ಪ ಹೆಗಲ ಟವಲನ್ನು ಕೈಗೆ ತೆಗೆದುಕೊಂಡರು. “ಮೂರು ವರ್ಷ ಓದು ಮುಗೀಲಿ, ಆಮೇಲೆ ಮದುವೆ ಅಂತಲ್ವ ನೀವು ಒತ್ತಿದ್ದು?”

ಸಾಹೇಬರು ತಡೆಯಲಾರದೆ ನಕ್ಕುಬಿಟ್ಟರು. “ಯಾ ಅಲ್ಲಾ! ಟವಲ್ ಕೆಳಗೆ ನಂಬರ್ ಹೇಳ್ಬೋದು ಭಾಯ್. ಲಡಕಿ ಅನ್ನೋದಕ್ಕೆ ಯಾವ ಬೆರಳು ಒತ್ತೋದು?”

ಅವರೊಬ್ಬರಿಗೇ ನಗು ಬಂದದ್ದು. ಅಪ್ಪ ಸಿಡಿದೆದ್ದರು. ಅಕ್ಕನ ಮಗನನ್ನು ಓದಿಸಿದೆ, ಸಾಲ ಕೊಟ್ಟೆನೇ, ನಾನೇನು ಬಡ್ಡಿ ವ್ಯಾಪಾರದವನೇ ಎಂದು ಕೂಗಿದರು. ಮಾವನೂ ಸುಮ್ಮನಿರಲಿಲ್ಲ. ಬಾಮೈದನ ದುಡ್ಡಿಗೆ ಮಗನನ್ನು ಮಾರಿಕೊಂಡ ಎಂದು ಊರವರು ಆಡಿಕೊಳ್ಳಬೇಕೇ, ಸಾಲ ತೀರಲಿ, ಇವನ ತಂಗಿಯರ ಮದುವೆ ಆಗಲಿ, ಆಮೇಲೆ ಬೇಕಾದರೆ ಹೆಣ್ಣು ಕೇಳುವುದಕ್ಕೆ ನಾವೇ ಬರುತ್ತೇವೆ ಎಂದರು. ಇಬ್ಬರೂ ಮರ್ಯಾದಸ್ಥರೇ. ಇಬ್ಬರ ಮರ್ಯಾದೆಯೂ ಒಂದೇ ಜಗಲಿಯಲ್ಲಿ ಹಿಡಿಸಲಿಲ್ಲ. ಭಾವ ಮಾತ್ರ ತನ್ನ ಹೊಸ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದ. ಒಮ್ಮೆ ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದ. ಅವನಿಗೆ ಮೂರು ವರ್ಷವೂ ಯಾರೂ ಈ ಮದುವೆಯ ಮಾತು ಹೇಳಿರಲಿಲ್ಲ ಎಂದು ಆ ಮುಖ ನೋಡಿಯೇ ತಿಳಿಯಿತು.

ನನಗೆ ಅವಮಾನವಾಯಿತು. ಬೇಡವೆನ್ನಿಸಿಕೊಂಡ ಹುಡುಗಿಗೆ ಆಗುವ ಅವಮಾನವೇ ಅದು, ಸುಳ್ಳೇಕೆ ಹೇಳಲಿ. ಅದರ ಬೆನ್ನಿಗೇ, ಯಾರೋ ನನ್ನ ತಲೆಯ ಮೇಲಿನ ಹೊರೆ ಇಳಿಸಿದ ಹಾಗೂ ಆಯಿತು. ನನ್ನ ಮೇಲೆ ಯಾವ ವ್ಯಾಪಾರವೂ ಆಗಿರಲಿಲ್ಲ.

“ಆ ದುಡ್ಡು ನಾನು ಮುಟ್ಟಲ್ಲ, ತಗೊಂಡೋಗಿ” ಎಂದು ಅಪ್ಪ ತಟ್ಟೆ ತಳ್ಳಿದರು. “ಇಲ್ಲೇ ಇಟ್ಟು ಹೋಗ್ತೀನಿ, ನಾಯಿ ತಿನ್ಲಿ” ಎಂದರು ಮಾವ.

ಆಗ ನಾನು ಬಾಯಿಬಿಟ್ಟೆ. “ಅಪ್ಪ, ನಿಮಗೆ ಬೇಡ, ಅವರಿಗೆ ಬೇಡ. ನನಗೆ ಕೊಡಿ. ನಾನು ಓದ್ತೀನಿ.”

“ಒಳಗೆ ಹೋಗು” ಎಂದರು ಅಪ್ಪ. ನಾನು ಹೋಗಲಿಲ್ಲ. ನನ್ನ ಹಿಂದಿನಿಂದ ಅಮ್ಮ ಬಂದಳು, ಕೈಯಲ್ಲಿ ಕಣಕದ ಹಿಟ್ಟು ಹಾಗೇ ಇತ್ತು. ಗಂಡಸರು ಕೂತ ಜಗಲಿಗೆ ಅವಳು ಹೀಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ದುಡ್ಡು ಎನ್ನುವುದನ್ನು ಅವಳು ಅಪ್ಪ ಕೊಟ್ಟಾಗ ತೆಗೆದುಕೊಂಡು, ಅಪ್ಪ ಕೇಳಿದಾಗ ಲೆಕ್ಕ ಒಪ್ಪಿಸುತ್ತಿದ್ದವಳು. ತನ್ನದೆಂದು ಒಂದು ಕಾಸನ್ನೂ ಇಟ್ಟುಕೊಂಡವಳಲ್ಲ. ಬಗ್ಗಿ ತಟ್ಟೆಯನ್ನು ಎತ್ತಿಕೊಂಡಳು.

“ಅಣ್ಣ, ಮುಂದಿನ ತಿಂಗಳಿಂದ ಇದು ನನ್ನ ಕೈಗೆ ಕೊಡಿ” ಎಂದು ಮಾವನಿಗೆ ಹೇಳಿದಳು. ಅಪ್ಪನ ಕಡೆ ತಿರುಗದೆಯೇ, “ಇವಳು ಕಾಲೇಜಿಗೆ ಹೋಗ್ತಾಳೆ” ಎಂದಳು. ಒಬ್ಬಟ್ಟನ್ನು ಅವತ್ತು ಎಲ್ಲರೂ ತಿಂದರು.

ಹಾಗೆ ಒಂದು ಬಿ.ಎಸ್‌ಸಿ.ಯ ಸಾಲ ಇನ್ನೊಂದು ಬಿ.ಎಸ್‌ಸಿ.ಯ ಫೀಜಾಯಿತು. ತಿಂಗಳಿಗೊಮ್ಮೆ ಭಾವ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಶಿಡ್ಲಘಟ್ಟಕ್ಕೆ ಬಸ್ಸು ಬದಲಾಯಿಸಿಕೊಂಡು ಬಂದು, ಅಮ್ಮನ ಕೈಗೆ ದುಡ್ಡು ಕೊಟ್ಟು, ಮಜ್ಜಿಗೆ ಕುಡಿದು ಹೋಗುತ್ತಿದ್ದ. ಆ ದುಡ್ಡು ಸಾಲದಾದಾಗ ಅಮ್ಮ ಅಟ್ಟದ ಪಾತ್ರೆಗಳನ್ನು ಒಂದೊಂದಾಗಿ ಅಂಗಡಿಗೆ ಕಳಿಸಿದಳು. ಕೊಳದಪ್ಪಲೆ ನನ್ನ ಪ್ರಯೋಗದ ಫೀಜಿಗೆ ಹೋಯಿತು. ಮೊದಲ ಸಲ ಪಿ.ಯು.ಸಿ.ಗೆ ಸೇರಲು ಬೆಂಗಳೂರಿಗೆ ಹೊರಟಾಗ ಅಪ್ಪ ನನ್ನನ್ನು ರೈಲಿಗೆ ಬಿಡಲು ಬಂದರು, ಟ್ರಂಕು ಹೊತ್ತು ತಂದರು. ರೈಲು ಹೊರಟ ಮೇಲೆ, ಅದು ನಡೆಯುವಷ್ಟೇ ವೇಗವಾದ್ದರಿಂದ, ಸ್ವಲ್ಪ ದೂರ ಪಕ್ಕದಲ್ಲೇ ನಡೆದು ಬಂದರು.

ಬೆಂಗಳೂರಿನ ಆ ವರ್ಷಗಳನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬುತ್ತದೆ. ತರಗತಿಯಲ್ಲಿ ನಾವು ನಾಲ್ಕೇ ಹುಡುಗಿಯರು. ಸೆರಗನ್ನು ಸೊಂಟಕ್ಕೆ ಬಿಗಿದು, ಉಸಿರು ಹಿಡಿದು, ಗಾಜಿನ ನಳಿಕೆಯಿಂದ ತೊಟ್ಟು ತೊಟ್ಟಾಗಿ ಆಸಿಡ್ಡು ಬಿಡುತ್ತಾ, ಬಣ್ಣ ತಿರುಗುವ ಆ ಒಂದು ತೊಟ್ಟಿಗೆ ಕಾಯುತ್ತಿದ್ದೆವು. ಬಣ್ಣ ತಿರುಗಿತೆಂದರೆ ಲೋಕವನ್ನೇ ಗೆದ್ದಷ್ಟು ಖುಷಿ. ಹಾಸ್ಟೆಲಿನಲ್ಲಿ ನನ್ನ ಪಕ್ಕವೂ ಯಾರೂ ಊಟಕ್ಕೆ ಕೂರಲಿಲ್ಲ. ಭಾವ ಹೇಳಿದ್ದು ನಿಜವೆಂದು ಆಗ ತಿಳಿದು, ಒಬ್ಬಳೇ ಕೂತು ನಕ್ಕು ಉಂಡೆ. ಸಾಲ ತೀರಿತು, ಹೆಣ್ಣು ಕೇಳುವುದಕ್ಕೆ ಮಾವ ಬರಲಿಲ್ಲ. ಭಾವ ಗೌರಿಬಿದನೂರಿನಲ್ಲೇ ಜೊತೆ ಮೇಷ್ಟ್ರ ತಂಗಿಯನ್ನು ಮದುವೆಯಾದ. ಆ ಮದುವೆಯಲ್ಲಿ ಆರತಿ ಹಿಡಿದವಳು ನಾನೇ.

ನನಗೆ ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ದಿನ ಬಸ್ಸು ಹತ್ತಿ, ನೋಟುಗಳನ್ನು ಕರವಸ್ತ್ರದಲ್ಲಿ ಗಂಟು ಹಾಕಿ, ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದು ಶಿಡ್ಲಘಟ್ಟಕ್ಕೆ ಬಂದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಗಂಟು ಬಿಚ್ಚಿ ಅವರ ಮುಂದೆ ಹಿಡಿದೆ. ನನ್ನ ಓದು ಯಾರಿಗೆ ಲಾಭ ಎಂದು ಕೇಳಿದ್ದರಲ್ಲ, ಇಲ್ಲಿದೆ ನೋಡಿ ಎನ್ನುವ ಉಬ್ಬು ನನಗೆ.

ಅಪ್ಪ ನೋಟುಗಳನ್ನು ನೋಡಿದರು, ಕಣ್ಣು ತುಂಬಿತು, ಕೈ ಮಾತ್ರ ಮುಂದೆ ಬರಲಿಲ್ಲ. “ಬೇಡಮ್ಮ. ಹೆಣ್ಣುಮಗಳ ಸಂಪಾದನೆ ತಿಂದ ಅನ್ನಿಸ್ಕೊಳ್ಳಲ್ಲ ನಾನು. ನೀನೇ ಇಟ್ಕೊ, ನಾಳೆ ನಿನ್ನ ಮನೆಗಾಗುತ್ತೆ” ಎಂದರು.

ಪ್ರೀತಿಯಿಂದಲೇ ಹೇಳಿದರು. ಆದರೆ ಎದೆಗೆ ಒದ್ದ ಹಾಗಾಯಿತು ನನಗೆ. ಭಾವನ ಸಂಬಳ ಸಂಬಳ. ಅವನ ಅಪ್ಪ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡಿದ್ದರು. ಅಷ್ಟೇ ಓದಿ, ಅಷ್ಟೇ ದುಡಿದು ತಂದರೂ ನನ್ನದು ಈ ಮನೆಯ ಲೆಕ್ಕಕ್ಕೆ ಇಲ್ಲ. ಕೈ ಚಾಚಿಕೊಂಡೇ ನಿಂತೆ. ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ, ಇನ್ನೊಂದು ಮಾತಾಡಿದರೆ ಅಳು ಬರುತ್ತಿತ್ತು.

ಒಳಗಿನಿಂದ ಅಮ್ಮ ಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಟುಗಳನ್ನು ಇಸಿದುಕೊಂಡಳು. ಅಪ್ಪನ ಎದುರಿಗೇ ನಿಂತು, ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ಒಂದೊಂದನ್ನೇ ನಿಧಾನವಾಗಿ ಎಣಿಸಿದಳು. ಎಣಿಸಿ ಮುಗಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬರೋ ತಿಂಗಳದು ಯಾವತ್ತು ಕೊಡ್ತಾರೆ?” ಎಂದು ಕೇಳಿದಳು.

“ಒಂದನೇ ತಾರೀಖು ಕಣಮ್ಮ” ಎಂದೆ. ಅಪ್ಪನಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಎಂದೆ.